ಹೆಡ್‌ಲೈಟಿಗೆ ವಿಭೂತಿ

ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು ಹುಲಗಪ್ಪ ಬೈಕಿನ ಹೆಡ್‌ಲೈಟಿನತ್ತ ಬಾಗಿದಾಗ ಬಸವಲಿಂಗ ಅವನ ಮಣಿಕಟ್ಟು ಹಿಡಿದುಬಿಟ್ಟ. ಮಾನ್ವಿಯ ಈ ಮೆಕ್ಯಾನಿಕ್ ವಿಭೂತಿ ಹಚ್ಚಿದನೆಂದರೆ ಗಾಡಿಯ ಕೆಲಸ ಮುಗಿಯಿತೆಂದೇ ಅರ್ಥ.

"ಯಾಕ್ರೀ, ಗಾಡಿಗಿ ದೃಷ್ಟಿ ತಾಗ್ಲಿ ಅಂತೀರೇನು?"

"ಸಜ್ಜಾದ ಕೂಡಲೇ ಗಾಡಿ ತಮ್ಮ ಅಕ್ಕಿ ಮಿಲ್ಲಿನ ಕೆಲಸಕ್ಕ ಅಂದಾರ ನಮ್ಮ ಮಾವ. ಮನಿ ಅಳಿಯಗ ಬ್ಯಾರೆ ಗಾಡಿ ಎದಕ್ಕ ಅಂತಾರ, ಕಾಕಾ."

ಹೆಂಡತಿಯ ತವರಿನಲ್ಲೇ ನೆಲೆಸಿದ ಮೇಲೆ ಬಸವಲಿಂಗ ತನ್ನದೆಂದು ಕೊಂಡದ್ದು ಈ ಹಳೆಯ ಬೈಕೊಂದೇ. ಪ್ರತಿ ಭಾನುವಾರ ಈ ಗ್ಯಾರೇಜಿನಲ್ಲಿ ಕುಳಿತು ಅದರ ತುಕ್ಕು ಉಜ್ಜುವಷ್ಟು ಹೊತ್ತು ಯಾರೂ ಅವನನ್ನು ಕೆಲಸಕ್ಕೆ ಕೂಗುತ್ತಿರಲಿಲ್ಲ. ಇನ್ನು ಅದೂ ಇಲ್ಲ. ಹುಲಗಪ್ಪನಾದರೋ ಶಿವನಿಗೆ ಅಂಜುವವನು. ಮಾವ ಬಂದು ಕೇಳಿದರೆ ಸುಳ್ಳು ಹೇಳುವವನಲ್ಲ.

ಹುಲಗಪ್ಪ ಮಣಿಕಟ್ಟು ಬಿಡಿಸಿಕೊಂಡ. ಬೆರಳಿಗೆ ಬಂದ ವಿಭೂತಿಯನ್ನು ಕೆಳಗೆ ಕೊಡವಬಾರದೆಂದು ಬಸವಲಿಂಗನ ಹಣೆಗೆ ಎಳೆದ. ಆಮೇಲೆ ಸ್ಪ್ಯಾನರ್ ಎತ್ತಿಕೊಂಡು, ಬೆಳಿಗ್ಗೆ ತಾನೇ ಬಿಗಿದಿದ್ದ ಇಂಜಿನ್ನಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಮಾವನವ್ರು ಕೇಳಿದ್ರ, ಹುಲಗಪ್ಪ ಇಂಜಿನ್ ಬಿಚ್ಯಾನ ಅನ್ರಿ," ಎಂದ. "ಐತವಾರ ಬರ್ರಿ, ತುಕ್ಕು ಉಜ್ಜಾಕ."