ಕೋವಿಯ ಅಳತೆ

"ಬೇಕಂತ್ಲೇ ಗಿಡ್ಡುಕ್ಕೆ ಕುಯ್ದಿದ್ದೀಯ ಕಣ್ಲಾ, ಕಳ್ ನನ್ಮಗನೆ" ಎಂದು ತಿಮ್ಮಪ್ಪ ಜಗಲಿಯ ಮೇಲಿಂದಲೇ ಕೂಗಿದ. ಅವನ ಬಲಗೆನ್ನೆ ಕಡುಬಿನ ಹಾಗೆ ಊದಿಕೊಂಡಿತ್ತು. ಕೈಯಲ್ಲಿದ್ದದ್ದು ಐದು ತೋಟಾದ ಕೋವಿ. ಒಂದು ಸಲ ತುಂಬಿಕೊಂಡರೆ ಸಾಕು, ಬೆರಳಲ್ಲಿ ಕುದುರೆ ಎಳೆದಂತೆಲ್ಲ ಒಂದರ ಹಿಂದೆ ಒಂದು ಐದು ಈಡು ಹಾರುತ್ತಿದ್ದವು. ಹಿರೀಸಾವೆ ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ಅವತ್ತು ಬೆಳಿಗ್ಗೆ ತೆಂಗಿನ ತೋಟದಲ್ಲಿ ಕಾಡುಹಂದಿಗೆ ಮೊದಲ ಈಡು ಹೊಡೆದಿದ್ದ. ಹಂದಿ ಓಡಿಹೋಯಿತು, ಕೋವಿ ಒದ್ದದ್ದು ಇವನ ಕೆನ್ನೆಗೆ.

ಅಂಗಳದಲ್ಲಿ ನಿಂತಿದ್ದ ಚಲುವಯ್ಯ ಹತಾರದ ಚೀಲವನ್ನು ನೆಲಕ್ಕಿಟ್ಟ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೋವಿಗಳಿಗೆ ಮರ ಕೂರಿಸುತ್ತಿದ್ದವನು ಅವನು. ಮೇಜರು, ಕರ್ನಲ್ಲುಗಳ ಭುಜ ಹಿಡಿದು ಅಳತೆ ತೆಗೆದ ಕೈ ಅದು. ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಊರಿನವರ ಲೆಕ್ಕದಲ್ಲಿ ಮಾತ್ರ ಇನ್ನೂ ಮುಟ್ಟಬಾರದ ಕೇರಿಯವನು.

ಕೋವಿ ಸಕಲೇಶಪುರದ ಕಡೆಯ ಒಬ್ಬ ಬಿಳಿ ದೊರೆಯದು, ತಿಮ್ಮಪ್ಪ ಅವನಿಂದ ಕೊಂಡದ್ದು. ಭುಜಕ್ಕೆ ಕೊಡುವ ಮರದ ಹಿಡಿಯನ್ನು ಆ ಆರೂವರೆ ಅಡಿ ಆಳಿನ ಮೈಗೆ ತಕ್ಕಂತೆ ಮಾಡಿದ್ದರು. ಅದನ್ನು ಮೊಟಕು ಮಾಡಿ, ಕೆನ್ನೆ ಕೂರುವ ಕಡೆ ತೀಡಿ ಕೊಡು ಎಂದು ತಿಮ್ಮಪ್ಪನೇ ಹೇಳಿಕಳಿಸಿದ್ದ. ಚಲುವಯ್ಯ ಎಂಟು ದಿನ ಅವನ ಕೊಟ್ಟಿಗೆಯಲ್ಲಿ ಕೂತು ಆ ಕೆಲಸ ಮಾಡಿದ್ದ.

"ಮೊದ್ಲೇ ಯೇಳಿದ್ನಲ್ಲ ಬುದ್ಧಿ" ಎಂದ ಚಲುವಯ್ಯ. "ಮೊಣಕೈಯಿಂದ ಬೆರಳಗಂಟ ಅಳತೆ ತಕ್ಕಬೇಕು, ಭುಜ ಒತ್ತಿ ನೋಡ್ಬೇಕು, ಕತ್ತು ಇಡ್ದು ಬಗ್ಗುಸ್ಬೇಕು ಅಂದೆ. ನೀವೇನಂದ್ರಿ?"

ತಿಮ್ಮಪ್ಪ ಅಂದದ್ದು ಇಬ್ಬರಿಗೂ ನೆನಪಿತ್ತು. 'ನನ್ ಮೈ ಮುಟ್ತೀಯೇನ್ಲಾ? ನಿನ್ ಮೈಗೇ ಇಟ್ಕಂಡು ಕುಯ್ಯಿ ಓಗು. ಮನುಸ್ರ ಮೈ ಎಲ್ಲಾ ಒಂದೇ ಅಲ್ವಾ' ಅಂದಿದ್ದ. ಬೇಕಾದಾಗ ಎಲ್ಲರ ಮೈಯೂ ಒಂದೇ ಆಗಿಬಿಡುತ್ತದೆ ಈ ದೊಡ್ಡ ಮನುಷ್ಯರಿಗೆ. ಚಲುವಯ್ಯ ಅವನಿಗಿಂತ ಒಂದು ಗೇಣು ಗಿಡ್ಡ. ಹಿಡಿಯೂ ಅವನ ಅಳತೆಗೇ ಗಿಡ್ಡವಾಗಿ ನಿಂತಿತ್ತು.

"ಜಾಸ್ತಿ ಮಾತಾಡ್ಬ್ಯಾಡ. ಕೂತ್ಕಂಡು ಸರಿ ಮಾಡು."

"ಕುಯ್ದ ಮರ ಬೆಳಿಯಾಕಿಲ್ಲ ಬುದ್ಧಿ. ಇನ್ನೊಂದು ತುಂಡು ಸೇರುಸ್ಬೋದು. ಅದುಕ್ಕೂ ನಿಮ್ ಭುಜ ಮುಟ್ಟೇ ನೋಡ್ಬೇಕು."

"ಮುಟ್ತೀನಿ ಮುಟ್ತೀನಿ ಅಂತ ಅದೇ ಹಾಡು ಹಾಡ್ತಾನೆ. ನಿನ್ ಹತಾರ ಇಲ್ಲೇ ಬಿದ್ದಿರ್ಲಿ. ಕೋವಿ ಸರಿಯಾದ ದಿನ ಬಂದು ತಕ್ಕಂಡೋಗು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಿಮ್ಮಪ್ಪ ಎರಡು ಮೆಟ್ಟಿಲು ಇಳಿದು, ಕೋವಿಯ ನಳಿಗೆಯನ್ನು ಚೀಲದ ಪಟ್ಟಿಗೆ ತೂರಿಸಿ, ಕೈ ಸೋಕದ ಹಾಗೆ ಎತ್ತಿ ಜಗಲಿಯ ಮೇಲೆ ಹಾಕಿಕೊಂಡ.

ಚಲುವಯ್ಯನ ಉಳಿ, ಬಾಚಿ, ಅರ, ಗರಗಸ ಎಲ್ಲ ಅದರಲ್ಲೇ ಇದ್ದವು. ಸೋಮವಾರ ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಮರದ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಹತಾರ ಇಲ್ಲದೆ ಬಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸ್ತೀನಿ ಅಂತ ಅಲ್ಲಿನ ಮೇಸ್ತ್ರಿ ಖಂಡಿತವಾಗಿ ಹೇಳಿದ್ದ. ಆ ಚೀಲ ಹೋದರೆ ಅವನಿಗೆ ಮತ್ತೆ ಇದೇ ಅಂಗಳ, ಇದೇ ಕೊಟ್ಟಿಗೆ, ಇದೇ ತಿಮ್ಮಪ್ಪ.

"ಬುದ್ಧಿ, ಇನ್ನೊಂದು ಮಾತು" ಎಂದ. ದನಿ ಏರಲಿಲ್ಲ. "ಆ ಮರದ ಇಡೀನ ನನ್ ಕೆನ್ನೆಗೇ ಇಟ್ಟಿಟ್ಟು ನೋಡಿ ತೀಡಿದ್ದು. ದಿನುಕ್ಕೆ ನಲವತ್ತು ಸಲ, ಎಂಟು ದಿನ. ನನ್ ಬೆವುರೆಲ್ಲ ಕುಡ್ದೈತೆ ಅದು. ಇವತ್ತು ಬೆಳಗ್ಗೆ ನೀವು ಕೆನ್ನೆ ಇಟ್ಟಿದ್ದೂ ಅಲ್ಲಿಗೇಯ."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ತಿಮ್ಮಪ್ಪನ ತಾಯಿ ನಂಜಮ್ಮ ಹೊರಗೆ ಬಂದಳು. "ಅಯ್ಯೋ ನಿನ್ ಮನೆ ಕಾಯ್ವಾಗ. ಕೆಳಗಾಕ್ಲಾ ಅದ. ಆ ಚೀಲಾನೂ ಈಚೆಗೆ ಬಿಸಾಕು. ದೇವ್ರು ದಿಂಡ್ರು ಇರೋ ಮನೆ ಇದು."

ತಿಮ್ಮಪ್ಪ ಕೆಂಡ ಮುಟ್ಟಿದವನ ಹಾಗೆ ಕೋವಿಯನ್ನು ಅಂಗಳಕ್ಕೆ ಎಸೆದ. ಆಮೇಲೆ ಚೀಲ ನೋಡಿದ. ಅದನ್ನು ಎತ್ತಲು ಈಗ ಕೋವಿ ಇರಲಿಲ್ಲ, ಕೈ ಮುಂದೆ ಬರಲಿಲ್ಲ. ಸುತ್ತ ಕಣ್ಣಾಡಿಸಿದ. ಆಳುಗಳೆಲ್ಲ ತೋಟದಲ್ಲಿದ್ದರು.

"ಯಾರೂ ಬ್ಯಾಡ, ಬುಡಿ" ಎಂದು ಚಲುವಯ್ಯ ಮೆಟ್ಟಿಲ ಮೇಲೆ ಕಾಲಿಟ್ಟ. ಅವನಾಗಲಿ ಅವನ ಅಪ್ಪನಾಗಲಿ ಯಾವತ್ತೂ ತುಳಿಯದ ಮೆಟ್ಟಿಲು. ತಾಯಿ ಮಗ ಇಬ್ಬರೂ ಗೋಡೆಗೆ ಸರಿದರು. ಅವನನ್ನು ತಡೆಯಬೇಕಾದರೆ ತಳ್ಳಬೇಕು, ತಳ್ಳಬೇಕಾದರೆ ಮುಟ್ಟಬೇಕು. ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಇಳಿದ.

"ನೋಡ್ತಾ ನಿಂತವ್ನಲ್ಲ, ಮೂದೇವಿ. ಮೊದ್ಲು ಅದರ ಮೇಲೆ ನೀರು ಸುರಿ. ಆಮೇಲೆ ನೀನೂ ಉಯ್ಕೊ" ಎಂದು ನಂಜಮ್ಮ ಮಗನಿಗೆ ಬೈದಳು. ತಿಮ್ಮಪ್ಪ ಬಚ್ಚಲಿಂದ ಬಿಂದಿಗೆ ತಂದು, ಮಣ್ಣಿನಲ್ಲಿ ಬಿದ್ದಿದ್ದ ಕೋವಿಯ ಮೇಲೆ ದಡದಡ ಸುರಿಯತೊಡಗಿದ.

ಬೇಲಿ ದಾಟುತ್ತಿದ್ದ ಚಲುವಯ್ಯ ಸದ್ದಿಗೆ ತಿರುಗಿ ನೋಡಿದ. ಈ ಸಲ ಅವನ ಬಾಯಲ್ಲಿ ಬುದ್ಧಿ ಅನ್ನುವ ಮಾತು ಬರಲಿಲ್ಲ.

"ಎಷ್ಟ್ ಸುರುದ್ರೂ ಮರದೊಳಕ್ಕೆ ನೀರು ಇಳಿಯಾಕಿಲ್ಲ ಕಣ, ತಿಮ್ಮಪ್ಪ. ನನ್ ಬೆವುರಿನ ಮ್ಯಾಲೆ ಮೂರು ಸಲ ಅಗಸೆ ಎಣ್ಣೆ ಬಳ್ದಿವ್ನಿ. ತುಕ್ಕಿಡಿಯಾದು ನಿನ್ ಕಬ್ಬುಣ."