ಮೂರನೆಯ ಬಲ್ಬು

“ಗರಗಸ ತಗೊಂಡು ಬಾರಪ್ಪ, ಈ ಸೈಕಲ್ ಪೈಪು ಕೊಯ್ದು ನೋಡಬೇಕು” ಎಂದರು ಸಂಜೆ ಕಾಲೇಜಿನ ಪ್ರಾಜೆಕ್ಟ್ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು.

ಸೀಟಿನ ಮೇಲೆ ಕೂತಿದ್ದ ಟೈಲರಮ್ಮ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು. ಈಗಷ್ಟೇ ಸ್ಟ್ಯಾಂಡ್ ಹಾಕಿದ ಸೈಕಲ್ ತುಳಿದು, ಹಿಂದಿನ ಚಕ್ರಕ್ಕೆ ಬೆಲ್ಟಿನಿಂದ ಕಟ್ಟಿದ್ದ ಡೈನಮೊ ತಿರುಗಿಸಿ, ಮೂರು ಬಲ್ಬನ್ನೂ ಝಗ್ಗೆಂದು ಉರಿಸಿ ತೋರಿಸಿದ್ದಳು. ಶಹಬ್ಬಾಸ್ ಸಿಗುತ್ತದೆ ಎಂದುಕೊಂಡರೆ ಗರಗಸ! ಪ್ರಾಜೆಕ್ಟಿನಲ್ಲಿ ಅವಳ ಜೊತೆಗಾರ, ಎಲ್ಲರೂ ‘ಕಡ್ಡಿ’ ಎನ್ನುವ ಹತ್ತೊಂಬತ್ತರ ಸಣಕಲ ಹುಡುಗ, ಕೂತಲ್ಲಿಂದ ಅಲ್ಲಾಡದಿದ್ದಾಗ ಪರೀಕ್ಷಕರೇ ಹೋಗಿ ಗರಗಸ ಹಿಡಿದು ಬಂದರು.

ಪರೀಕ್ಷಕರದೂ ತಪ್ಪೆನ್ನುವಂತಿಲ್ಲ. ಹೋದ ವರ್ಷ ಇದೇ ಪ್ರಾಜೆಕ್ಟ್ ಮಾಡಿದ್ದ ಪುಣ್ಯಾತ್ಮರು ಪೈಪಿನೊಳಗೆ ಬ್ಯಾಟರಿ ತುರುಕಿ, ಚಕ್ರ ತಿರುಗಿದಾಗ ಮಾತ್ರ ಬಲ್ಬು ಹತ್ತುವ ಹಾಗೆ ಗುಟ್ಟಾಗಿ ಒಂದು ಸ್ವಿಚ್ಚಿಟ್ಟು, ಇವರಿಂದಲೇ ನೂರಕ್ಕೆ ತೊಂಬತ್ತು ಹಾಕಿಸಿಕೊಂಡು ಹೋಗಿದ್ದರು. ಆಮೇಲೆ ಗುಟ್ಟು ರಟ್ಟಾಗಿ, ಮೇಲಿನವರಿಂದ ಬೈಸಿಕೊಂಡದ್ದು ಮಾತ್ರ ಇವರೊಬ್ಬರೇ.

“ಅಯ್ಯೋ ಸರ್, ಇದು ನಮ್ಮ ಯಜಮಾನ್ರ ಸೈಕಲ್ಲು. ನಾಳೆ ಬೆಳಗ್ಗೆ ಇದರಲ್ಲೇ ಕೆಲಸಕ್ಕೆ ಹೋಗ್ಬೇಕು ಅವರು. ಕೊಯ್ಯೋದಾದ್ರೆ ಜೊತೆಗೆ ನನ್ನನ್ನೂ ಕೊಯ್ದುಬಿಡಿ.”

“ಕೊಯ್ಯೋದು ಬೇಡ ಅಂದ್ರೆ ಸೊನ್ನೆ ಹಾಕ್ತೀನಿ. ಯಾವುದು ಬೇಕು ನೀವೇ ಹೇಳಿ.”

ಸೊನ್ನೆ ಎಂದರೆ ಇನ್ನೊಂದು ವರ್ಷ. ಹಗಲೆಲ್ಲ ಹೊಲಿಗೆ, ಸಂಜೆ ಕ್ಲಾಸು ಎಂದು ಮೂರು ವರ್ಷ ಓಡಾಡಿದ ನಲವತ್ತೆರಡರ ಹೆಂಗಸಿಗೆ ನಾಲ್ಕನೆಯ ವರ್ಷವನ್ನು ಯಾರು ಕೊಡುತ್ತಾರೆ? “ಓದಿ ಕಡಿದು ಕಟ್ಟೆ ಹಾಕಿದ್ದು ಸಾಕು, ಮಷೀನ್ ಮುಂದೆ ಕೂತ್ಕೊ” ಎಂದು ಹೇಳಲು ಮನೆಯಲ್ಲಿ ಅತ್ತೆ ಕಾಯುತ್ತಲೇ ಇದ್ದರು. ಅತ್ತೆಯ ಮುಖ ಕಣ್ಣ ಮುಂದೆ ಬಂದದ್ದೇ ತಡ, ಟೈಲರಮ್ಮನಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಸರ್, ಬಲ್ಬಿನ ಹಲಗೆ ನನ್ನ ಬೆನ್ನ ಹಿಂದೆ ಇಡಿ. ನಾನು ಕಣ್ಣು ಮುಚ್ಕೊಂಡು ತುಳೀತೀನಿ. ಎಷ್ಟು ಬಲ್ಬು ಉರೀತಿದೆ ಅಂತ ಹೇಳ್ಲಾ?”

“ಅದು ಹೇಗ್ರೀ ಹೇಳ್ತೀರಿ?”

“ಒಂದೊಂದು ಬಲ್ಬು ಹತ್ತಿದಾಗ್ಲೂ ಪೆಡಲ್ಲು ಅಷ್ಟಷ್ಟು ಭಾರ ಆಗುತ್ತೆ ಸರ್. ಬ್ಯಾಟರಿ ಉರಿಸ್ತಿದ್ರೆ ಕಾಲಿಗೆ ಏನೂ ಗೊತ್ತಾಗಲ್ಲ. ಇಪ್ಪತ್ತು ವರ್ಷ ಮಷೀನ್ ತುಳಿದ ಕಾಲು ಇದು. ಬಟ್ಟೆ ಒಂದು ಪದರ ಇದ್ಯಾ ಎರಡು ಪದರ ಇದ್ಯಾ ಅಂತ ನನಗಿಂತ ಮೊದ್ಲು ಇದಕ್ಕೇ ಗೊತ್ತಾಗೋದು.”

ಪರೀಕ್ಷಕರು ಗರಗಸವನ್ನು ಮೇಜಿನ ಮೇಲಿಟ್ಟರು. ಆದರೆ ಮೋಸ ಹೋದವರ ಎಚ್ಚರಿಕೆ ಕೇಳಬೇಕೆ! ಸನ್ನೆ ಮಾಡಿಯಾನೆಂದು ಕಡ್ಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬಲ್ಬಿನ ಹಲಗೆಯನ್ನು ಅವಳ ಬೆನ್ನ ಹಿಂದಿಟ್ಟು, ಸದ್ದು ಕೇಳಿ ಎಣಿಸಿಯಾಳೆಂದು ಅದರ ಮೇಲಿದ್ದ ಮೂರು ಸ್ವಿಚ್ಚುಗಳನ್ನು ಹತ್ತಾರು ಸಲ ಟಕಟಕ ಆಡಿಸಿದರು. ಆಮೇಲೆ ಅವಳ ಮುಖದ ಮೇಲೆ ಕಣ್ಣು ನೆಟ್ಟು, “ಹೂಂ, ಹೇಳಿ” ಎಂದರು.

“ಒಂದು.”

ಸರಿಯಾಗಿತ್ತು. ಮತ್ತೆ ಟಕಟಕ.

“ಈಗ ಒಂದೂ ಇಲ್ಲ. ಕಾಲು ಹಾಗೇ ಜಾರ್ತಿದೆ.”

ಅದೂ ಸರಿ. ಮತ್ತೆ ಟಕಟಕ. ಈ ಸಲ ಟೈಲರಮ್ಮ ನಾಲ್ಕು ಸುತ್ತು ಹೆಚ್ಚಿಗೆ ತುಳಿದಳು.

“ಎರಡು ಸರ್.”

“ತಪ್ಪು!” ಪರೀಕ್ಷಕರು ತೊಡೆ ತಟ್ಟಿದರು. “ಮೂರೂ ಹಾಕಿದ್ದೀನಿ. ನನಗೆ ಗೊತ್ತಿತ್ತು ಕಣ್ರೀ, ಇದೆಲ್ಲ ಬರೀ ನಾಟಕ!”

ಇಪ್ಪತ್ತು ವರ್ಷ ಅನ್ನ ಕೊಟ್ಟ ಕಾಲು ಇವತ್ತೇ ಕೈಕೊಡಬೇಕೆ? ಮೂರು ಎಂದುಬಿಟ್ಟರೆ ಪರೀಕ್ಷಕರಿಗೆ ಸಮಾಧಾನವಾಗುತ್ತದೇನೋ ಎಂದು ಟೈಲರಮ್ಮನಿಗೆ ಒಂದು ಕ್ಷಣ ಅನ್ನಿಸಿತು. ಕಣ್ಣು ಬಿಡದೆ ಮತ್ತೊಂದು ಸುತ್ತು ತುಳಿದಳು. ಕಾಲು ಹೇಳಿದ್ದನ್ನೇ ಹೇಳಿತು.

“ಇಲ್ಲ ಸರ್. ಎರಡೇ” ಎಂದಳು.

ಗೋಡೆ ನೋಡುತ್ತಿದ್ದ ಕಡ್ಡಿಗೆ ತಡೆಯಲಾಗಲಿಲ್ಲ. ಗಿರ್ರನೆ ತಿರುಗಿದವನೇ ಕಿರುಚಿದ: “ಸರ್, ಸ್ವಿಚ್ ಅಲ್ಲ ಸರ್, ಬಲ್ಬು ನೋಡಿ!”

ಸ್ವಿಚ್ಚೇನೋ ಮೂರೂ ಆನ್ ಆಗಿದ್ದವು. ಉರಿಯುತ್ತಿದ್ದದ್ದು ಎರಡೇ ಬಲ್ಬು. ಅಷ್ಟೊಂದು ಟಕಟಕಕ್ಕೆ ಮೂರನೆಯದರ ತಂತಿ ಸುಟ್ಟು ಗಾಜು ಕಪ್ಪಾಗಿತ್ತು.

ಟೈಲರಮ್ಮನಿಗೆ ಹೋದ ಜೀವ ಬಂತು. ಹ್ಯಾಂಡಲ್ಲಿಗೆ ಹಣೆಯಿಟ್ಟು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಡ್ಡಿ ಆ ಸುಟ್ಟ ಬಲ್ಬನ್ನು ಬಿಚ್ಚಿ ಎದೆಗೊತ್ತಿಕೊಂಡು, “ನೀನು ಬಂಗಾರ ಕಣೋ, ಬಂಗಾರ!” ಎಂದು ಅದರೊಂದಿಗೇ ಮಾತಾಡತೊಡಗಿದ.

ಪರೀಕ್ಷಕರೂ ದೊಡ್ಡದೊಂದು ಉಸಿರು ಬಿಟ್ಟರು. ಈ ವರ್ಷ ಯಾರೂ ತಮ್ಮನ್ನು ಪೆದ್ದನನ್ನಾಗಿ ಮಾಡಿಲ್ಲವೆಂಬ ನೆಮ್ಮದಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು ಅಂಕದ ಹಾಳೆ ತುಂಬಿಸುತ್ತ ಬಂದರು. ‘ಪರೀಕ್ಷೆಗೆ ಬಳಸಿದ ಅಳತೆಯ ಉಪಕರಣ’ ಎಂಬಲ್ಲಿ ಪೆನ್ನು ನಿಂತಿತು. ಕಿಟಕಿಯ ಕಡೆ ನೋಡಿದರು, ಟೈಲರಮ್ಮನ ಕಡೆ ನೋಡಿದರು, ಆಮೇಲೆ ದುಂಡಗೆ ಬರೆದರು:

‘ವಿದ್ಯಾರ್ಥಿನಿಯ ಕಾಲು, ಎರಡು. ದೋಷ ಕಂಡುಬಂದಿಲ್ಲ.’