ಶತ್ರುವಿನ ಮುಖ

ಯುದ್ಧಕಾಲದ ಕಾರ್ನಿವಲ್ ಪೋಸ್ಟರ್‌ಗಳನ್ನು ಹುಡುಕಿ ಕೂಡಿಡುವುದು ಶ್ರೀಕಂಠಯ್ಯನವರ ಹುಚ್ಚು. ಪುಟ್ಟಗೌರಮ್ಮನ ಟ್ರಂಕಿನಲ್ಲಿ ಅಂಥದೊಂದಿದೆ ಎಂದು ತಿಳಿದದ್ದೇ ತಡ, ಆಕೆಯ ಮನೆಗೆ ಹೋದರು. ಆಕೆ ಕಾಫಿ ಕೊಟ್ಟು, ಎಪ್ಪತ್ತೊಂದರ ಪೋಸ್ಟರನ್ನು ಚಾಪೆಯ ಮೇಲೆ ಹರಡಿದಳು. ಮೇಲೆ ತ್ರಿವರ್ಣ ಧ್ವಜ. ಕೆಳಗೆ ಹಲಗೆಯ ತೂತಿನಿಂದ ಹೊರಚಾಚಿದ, ಮಸಿ ಬಳಿದ ಒಂದು ಮುಖ. ‘ಶತ್ರುವಿಗೆ ಚೆಂಡು ಹೊಡೆಯಿರಿ, ದೇಶಭಕ್ತಿ ಮೆರೆಯಿರಿ!’

“ಇವನಿಗೆ ನಾನೂ ಹೊಡೆದಿದ್ದೆ ಕಣಮ್ಮಾ! ಚೆಂಡು ಮುಗಿದ್ಮೇಲೆ ಕಲ್ಲಲ್ಲೂ ಹೊಡೆದೆ. ಮೂಗಲ್ಲಿ ರಕ್ತ ಬಂತು. ಜನ ಎಲ್ಲ ಚಪ್ಪಾಳೆ ತಟ್ಟಿದ್ರು!” ಶ್ರೀಕಂಠಯ್ಯನವರು ನಗುನಗುತ್ತಲೇ ಕೇಳಿದರು, “ಯಾರಮ್ಮಾ ಇವನು?”

“ನಮ್ಮೆಜಮಾನ್ರು.”

ಶ್ರೀಕಂಠಯ್ಯನವರು ಪೋಸ್ಟರಿನ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಎದ್ದು ಹೋಗಿಬಿಡೋಣ ಎನ್ನಿಸಿತು. ಲೋಟದಲ್ಲಿ ಕಾಫಿ ಇನ್ನೂ ಅರ್ಧ ಉಳಿದಿತ್ತು.

“ತಪ್ಪಾಯ್ತಮ್ಮಾ. ನನಗೆ ಗೊತ್ತಿರಲಿಲ್ಲ.”

“ಇರಲಿ ಬಿಡಿ ಸ್ವಾಮಿ, ಆಗ ನೀವಿನ್ನೂ ಹುಡುಗ್ರು. ಜನ ಹೊಡೀಲಿ ಅಂತಲೇ ಅಲ್ವೇ ಅವರು ಅಲ್ಲಿ ಕೂರ್ತಿದ್ದಿದ್ದು.”

ಆಕೆ ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹೇಗಾದರೂ ಮಾತು ಹೊರಳಿಸಬೇಕೆಂದು ಶ್ರೀಕಂಠಯ್ಯನವರು ತಡವರಿಸಿದರು.

“ಅದೇ ಕಾರ್ನಿವಲ್‌ನಲ್ಲಿ ನಮ್ಮ ಸೈನಿಕನ ವೇಷಾನೂ ಇತ್ತಲ್ಲಮ್ಮಾ. ಆ ವೇಷದವರಿಗೆ ಜನ ಹಾರ ಹಾಕ್ತಿದ್ರು. ಅದನ್ನಾದ್ರೂ ಕೇಳಬಹುದಿತ್ತು ಅವರು.”

“ಕೇಳಿದ್ರು ಸ್ವಾಮಿ. ಆ ವೇಷ ಹಾಕಿದೋರು ಕವಾಯತು ಮಾಡ್ಬೇಕಿತ್ತು. ಇವರ ಎಡಗಾಲು ಅರವತ್ತೈದರ ಯುದ್ಧದಲ್ಲೇ ಗಡೀಲಿ ಉಳಿದುಬಿಟ್ಟಿತ್ತು.”